ಉಸಿರು ಬಿಟ್ಟಿದ್ದು ಯಾರು?

ಮಗಳು ಹತ್ತನೇ ಕ್ಲಾಸಿಗೆ ಬಂದ ಕೂಡಲೇ ರೈಫಲ್ ಶೂಟಿಂಗ್ ಬಿಟ್ಟಳು. ಅವಳಿಗೆಂದು ಕೊಂಡಿದ್ದ ಸೆಕೆಂಡ್ ಹ್ಯಾಂಡ್ ಏರ್ ರೈಫಲ್ ಮನೆಯಲ್ಲೇ ಉಳಿಯಿತು. ಅಷ್ಟು ದುಡ್ಡು ಕೊಟ್ಟು ತಂದ ಜರ್ಮನ್ ರೈಫಲ್ ಬೀರುವಿನಲ್ಲಿ ಸುಮ್ನೆ ಮಲಗಿರೋದನ್ನು ನೋಡಲಾಗದೆ, ನಲವತ್ತಮೂರನೇ ವಯಸ್ಸಿನಲ್ಲಿ ನಾನೇ ರೇಂಜಿಗೆ ಹೋಗತೊಡಗಿದೆ. ಎರಡು ವರ್ಷದಲ್ಲಿ 60 ಶಾಟಿಗೆ (ಒಂದಕ್ಕೆ ಹೆಚ್ಚೆಂದರೆ 10.9, ಒಟ್ಟು 654) 598ರ ಆಸುಪಾಸು ಬರುತ್ತಿತ್ತು. ದೊಡ್ಡ ಸ್ಪರ್ಧೆಗಳಿಗೆ ಏನೇನೂ ಸಾಲದು, ನನಗೆ ಧಾರಾಳ.

ಕಳೆದ ಮಳೆಗಾಲದಲ್ಲಿ ಅದು ಇಳಿಯಿತು. 594, 589, ಆಮೇಲೆ 581. ಹದಿನೇಳು ಅಂಕ ಏನು ಮಹಾ ಅನ್ನಿಸಬಹುದು. ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಗುರಿಯ ನಟ್ಟನಡುವಿನ ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ, ರಾಗಿ ಕಾಳಿಗಿಂತ ಚಿಕ್ಕದು. ಎರಡೂವರೆ ಮಿಲಿಮೀಟರ್ ಆಚೆ ಹೋದರೆ ಒಂದು ಅಂಕ ಖೋತಾ. ಲೆಕ್ಕ ಹಾಕಿ ನೋಡಿದೆ. ಮೊದಲಿಗಿಂತ ಸರಾಸರಿ ಮುಕ್ಕಾಲು ಮಿಲಿಮೀಟರ್ ಆಚೆಗೆ ಬೀಳುತ್ತಿದ್ದವು ನನ್ನ ಶಾಟುಗಳು. ಅಷ್ಟಕ್ಕೇ ನಿದ್ದೆಗೆಟ್ಟೆ ಅಂದರೆ ಮನೆಯವರು ನಗುತ್ತಾರೆ.

ಶೂಟಿಂಗ್ ಕಲಿಯುವವರಿಗೆ ಮೊದಲ ದಿನವೇ ಹೇಳಿಕೊಡುವ ಮಾತೊಂದಿದೆ: ರೈಫಲ್ಲನ್ನು ದೂರಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗುತ್ತೆ. ಹಾಗಾಗಿ ನನ್ನನ್ನೇ ದೂರಿಕೊಂಡೆ. ಮೊದಲು ಕಣ್ಣು. ಮಗಳು "ಅಮ್ಮಾ, ನಿಂಗೆ ಚಾಳೀಸು ಬಂದಿದೆ" ಅಂದಳು. ಪರೀಕ್ಷೆ ಮಾಡಿಸಿದೆ, ಬಂದಿತ್ತು. ಕನ್ನಡಕ ಹಾಕಿಕೊಂಡರೆ ಸ್ಕೋರು 583.

ಆಮೇಲೆ ಉಸಿರು. ಶಾಟ್ ಬಿದ್ದ ಜಾಗ ತೋರಿಸುವ ಪರದೆ ನೋಡಿದರೆ ಶಾಟುಗಳು ಎಡ-ಬಲಕ್ಕೆ ಅಷ್ಟಾಗಿ ಹೋಗುತ್ತಿರಲಿಲ್ಲ, ಮೇಲೆ-ಕೆಳಗೆ ಹೋಗುತ್ತಿದ್ದವು. ಕೋಚ್ ಒಂದೇ ಮಾತಲ್ಲಿ ಮುಗಿಸಿದರು: "ಉಸಿರು ಮೇಡಂ. ಟ್ರಿಗರ್ ಒತ್ತೋ ಹೊತ್ತಿಗೆ ಉಸಿರು ಪೂರ್ತಿ ನಿಂತಿಲ್ಲ." ತಪ್ಪು ಹೇಳಲಿಲ್ಲ ಅವರು. ಎದೆ ಏರಿಳಿದರೆ ಬ್ಯಾರಲ್ಲೂ ಏರಿಳಿಯುತ್ತೆ. ಆರು ವಾರ ಗೋಡೆಗೆ ಮುಖ ಮಾಡಿ ನಿಂತು, ಪೆಲೆಟ್ (ರೈಫಲ್ಲಿಗೆ ಹಾಕುವ ಪುಟ್ಟ ಗುಂಡು) ಇಲ್ಲದೆ ಡ್ರೈ ಫೈರಿಂಗ್ ಮಾಡಿದೆ. ದಿನಕ್ಕೆ ನಲವತ್ತು ನಿಮಿಷ. ಕುಕ್ಕರ್ ಕೂಗಿದರೂ ಉಸಿರು ಅಲುಗದ ಮಟ್ಟಕ್ಕೆ ಬಂದೆ. ಸ್ಕೋರು ಮಾತ್ರ 582.

ಸಿಟ್ಟು ಬಂದು ಒಂದು ಭಾನುವಾರ ಎಲ್ಲವನ್ನೂ ಒಟ್ಟಿಗೇ ಮಾಡಿದೆ. ಬ್ಯಾರಲ್ಲಿಗೆ ಫೆಲ್ಟ್ ತೂರಿಸಿ ಒರೆಸಿದೆ. ಸ್ಟಾಕಿನ ಸ್ಕ್ರೂಗಳನ್ನು ಬಿಗಿ ಮಾಡಿದೆ. 4.50 ಮಿಲಿಮೀಟರ್ ತಲೆಯ ಪೆಲೆಟ್ ಬಿಟ್ಟು 4.49ರ ಡಬ್ಬಿ ಒಡೆದೆ. ಸ್ಕೋರು ಇನ್ನೂ ಕೆಟ್ಟಿತು. ಮೂರರಲ್ಲಿ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗಲು ದಾರಿಯೇ ಉಳಿಯಲಿಲ್ಲ. ದಡ್ಡತನ, ಇನ್ನೇನು.

ರೇಂಜಿನಲ್ಲಿ ರೈಫಲ್ ಬಿಚ್ಚಿ ಜೋಡಿಸುವ ಹಿರಿಯರೊಬ್ಬರಿದ್ದಾರೆ. ಅವರಿಗೆ ಕಥೆ ಹೇಳಿದೆ. "ನೀವು ಉಸಿರಾಡ್ತೀರಿ. ಅಕ್ಕಿ ಮೂಟೆ ಉಸಿರಾಡಲ್ಲ. ಅದರ ಮೇಲಿಟ್ಟು ಹೊಡೀರಿ, ನೋಡಣ" ಅಂದರು. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಅಕ್ಕಿ ತುಂಬಿ, ಎರಡೂ ಬಾಯಿ ಹೊಲಿದು ತಂದೆ. ಹಳೇ ಪೆಲೆಟ್ಟಿಗೇ ವಾಪಸ್ ಹೋಗಿ, ಕೂತು, ಮೂಟೆ ಮೇಲೆ ರೈಫಲ್ ಇಟ್ಟು ಹತ್ತು ಶಾಟ್ ಹೊಡೆದೆ. ರೈಫಲ್ ಜೊತೆ ಫ್ಯಾಕ್ಟರಿಯಿಂದ ಬಂದ ಟೆಸ್ಟ್ ಕಾರ್ಡ್ ಪೆಟ್ಟಿಗೆಯಲ್ಲೇ ಇತ್ತು. ಅದರಲ್ಲಿ ಐದು ಶಾಟೂ ಸೇರಿ ಹೆಚ್ಚುಕಮ್ಮಿ ಒಂದೇ ಪೆಲೆಟ್ಟಿನ ತೂತು. ನನ್ನ ಕಾಗದದಲ್ಲಿ ಕಡಲೆಬೀಜದ ಸಿಪ್ಪೆಯ ಹಾಗೆ ಉದ್ದಕ್ಕೆ ಹರಿದ ತೂತು. ಅಗಲದಲ್ಲಿ ಏನೂ ತಪ್ಪಿಲ್ಲ, ಉದ್ದ ಮಾತ್ರ ಜಾಸ್ತಿ.

"ಗಾಳಿ" ಅಂದರು.

ಏರ್ ರೈಫಲ್‌ನಲ್ಲಿ ಪೆಲೆಟ್ಟನ್ನು ತಳ್ಳೋದು ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ. ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತೆ. ಹತ್ತು ಮೀಟರ್ ದಾಟುವಷ್ಟರಲ್ಲಿ ಹದಿನೇಳು ಮಿಲಿಮೀಟರ್ ಕೆಳಗಿಳಿದಿರುತ್ತೆ. ಅದನ್ನು ಲೆಕ್ಕಕ್ಕೆ ಹಿಡಿದೇ ಸೈಟ್ (ಗುರಿ ನೋಡುವ ಕಿಂಡಿ) ಕೂರಿಸಿರುತ್ತೇವೆ. ಆದರೆ ಒಂದು ಶಾಟಿಗೆ ಪೂರ್ತಿ ಗಾಳಿ ಸಿಕ್ಕಿ, ಇನ್ನೊಂದಕ್ಕೆ ಸ್ವಲ್ಪ ಸೋರಿ, ವೇಗ ನೂರಕ್ಕೆ ಐದರಷ್ಟು ತಗ್ಗಿದರೆ ಸಾಕು, ಹತ್ತಿರ ಹತ್ತಿರ ಎರಡು ಮಿಲಿಮೀಟರ್ ಕೆಳಗೆ ಬೀಳುತ್ತೆ. ಎಡ-ಬಲಕ್ಕೆ ಏನೂ ಆಗಲ್ಲ. ಉಸಿರಿನ ತಪ್ಪಿಗೂ ಇದಕ್ಕೂ ಗುರುತು ಒಂದೇ.

ಅವರು ಟಿಶ್ಯೂ ಪೇಪರಿನಿಂದ ಬೆರಳಗಲದ ಪಟ್ಟಿ ಹರಿದು, ಪೆಲೆಟ್ ಹಾಕುವ ಜಾಗದ ಮೇಲೆ ಹಗುರವಾಗಿ ಇಟ್ಟರು. "ಈಗ ಹೊಡೀರಿ." ಹೊಡೆದೆ. ಪಟ್ಟಿ ಚಿಟ್ಟೆ ಥರ ಹಾರಿ ನನ್ನ ಮೊಣಕೈ ಮೇಲೆ ಬಿತ್ತು. ಮತ್ತೆ ಹೊಡೆದೆ. ಈ ಸಲ ಬರೀ ಅಂಚು ಅಲುಗಿತು. ಸೋರಿಕೆಯೂ ಒಂದೇ ಸಮ ಇರಲಿಲ್ಲ.

ಸಿಲಿಂಡರ್ ಬಿಚ್ಚಿಟ್ಟು, ಉಳಿದ ಗಾಳಿ ಖಾಲಿ ಮಾಡಿ, ಸೂಜಿಯಷ್ಟು ತೆಳ್ಳಗಿನ ಕೊಕ್ಕೆಯಿಂದ ಒಂದು ಓ-ರಿಂಗ್ ಎಬ್ಬಿಸಿ ನನ್ನ ಅಂಗೈಗೆ ಹಾಕಿದರು. ಮೂಗುತಿಯ ತಿರುಪಿನಷ್ಟಿದ್ದ ಕಪ್ಪು ರಬ್ಬರ್ ಉಂಗುರ. ಮಡಿಸಿ ನೋಡಿದರೆ ಒಂದು ಕಡೆ ಕೂದಲೆಳೆಯಷ್ಟು ಸೀಳು. ರಬ್ಬರ್ ಗಟ್ಟಿಯಾಗಿತ್ತು, ಹಳೇ ಕುಕ್ಕರ್ ಗ್ಯಾಸ್ಕೆಟ್ ಆಗುತ್ತಲ್ಲ, ಹಾಗೆ. ಹೊಸದು ಹಾಕಿದರು. ಇಷ್ಟಕ್ಕೆ ಆರು ವಾರ ಗೋಡೆ ನೋಡಿದೆನಾ ಅಂತ ನಗುವೂ ಬಂತು, ಅಳುವೂ ಬಂತು. ಮತ್ತೆ ಟಿಶ್ಯೂ ಇಟ್ಟು ಐದು ಶಾಟ್ ಹೊಡೆದೆ. ಪಟ್ಟಿ ಇದ್ದಲ್ಲೇ ಇತ್ತು.

ಮುಂದಿನ ಭಾನುವಾರ 603. ಅಷ್ಟು ಯಾವತ್ತೂ ಬಂದಿರಲಿಲ್ಲ. ಗೋಡೆ ನೋಡಿದ್ದು ಪೂರ್ತಿ ದಂಡವಾಗಿಲ್ಲ ಅಂತ ಕೋಚ್ ಹೆಮ್ಮೆಪಟ್ಟುಕೊಂಡರು. ನಾನೂ ಬೇಡ ಅನ್ನಲಿಲ್ಲ.

ಮಗಳಿಗೆ ಸ್ಕೋರಿಗಿಂತ ಬೇರೆ ಚಿಂತೆ. "ಹಾಗಾದ್ರೆ ಕನ್ನಡಕದ ದುಡ್ಡು ವೇಸ್ಟಾ ಅಮ್ಮಾ?"

"ಇಲ್ಲ ಕಣೇ, ಆ ಸೀಳು ಕಂಡಿದ್ದೇ ಅದರಿಂದ."