ಹೂವಿನ ಅಕ್ಕನ ಬಿಗಿ ಗ್ಲೌಸು

ಡಿಸೆಂಬರ್ 16, 2025, ಮಂಗಳವಾರ
ಬಸವನಗುಡಿ

ಧನುರ್ಮಾಸ ಬಂತು, ಚಳಿಯೂ ಬಂತು. ಗಾಂಧಿಬಜಾರಿನಲ್ಲಿ ಸೇವಂತಿಗೆ ಮಾರಿಗೆ ಎಷ್ಟು ಅಂತ ಕೇಳುವ ಮೊದಲೇ ಕಣ್ಣಿಗೆ ಬಿದ್ದಿದ್ದು ಹೂವಿನ ಅಕ್ಕನ ಬಲಗೈ. ಕೈನೋವಿಗೆ ಅಂತ ಹಾಕಿಕೊಳ್ಳುವ, ಒತ್ತಿ ಹಿಡಿಯುವ ಮೈಬಣ್ಣದ ಕಂಪ್ರೆಷನ್ ಗ್ಲೌಸು. ಹೂ ಕಟ್ಟೋಕೆ ಬೆರಳು ಆಡಲಿ ಅಂತ ತುದಿಗಳನ್ನು ಅವರೇ ಕತ್ತರಿಸಿಕೊಂಡಿದ್ದಾರೆ. ಹೆಣೆದ ಬಟ್ಟೆ ಕತ್ತರಿ ಬಿದ್ದ ಕಡೆ ಸುರುಳಿ ಸುತ್ತಿಕೊಳ್ಳುತ್ತದೆ. ಆ ಸುರುಳಿ ತೋರುಬೆರಳಿನ ನಡುಗೆಣ್ಣಿನ ಕೆಳಗೆ ದಾರ ಬಿಗಿದ ಹಾಗೆ ಕೂತಿತ್ತು. ಅದರಿಂದಾಚೆಗೆ ಬೆರಳು ಊದಿ ನೇರಳೆಗೆ ತಿರುಗಿತ್ತು.

“ಮಗ ಆನ್‌ಲೈನಲ್ಲಿ ತರಿಸಿಕೊಟ್ಟ ಮೇಡಮ್. ಬಿಗಿಯಾಗಿದ್ರೆ ತಾನೆ ನೋವು ಎಳ್ಕೊಳ್ಳೋದು?”

“ಮೊದಲು ತೆಗೀರಿ ಅಕ್ಕ, ಆಮೇಲೆ ಮಾತು.”

ಬಿಗಿ ಹೆಚ್ಚಿದಷ್ಟೂ ಗುಣ ಹೆಚ್ಚು ಅನ್ನೋ ಈ ನಂಬಿಕೆ ಒಬ್ಬರದ್ದಲ್ಲ. ಬ್ರಿಟನ್ನಿನಲ್ಲಿ ಸಂಧಿವಾತದಿಂದ ಕೈನೋವಿರುವ 206 ಜನರ ಮೇಲೆ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬಿಗಿ ಗ್ಲೌಸು, ಇನ್ನೊಂದಕ್ಕೆ ಸಡಿಲ ಗ್ಲೌಸು. 12 ವಾರ ಕಳೆದ ಮೇಲೆ ನೋಡಿದರೆ ಎರಡೂ ಗುಂಪಿನ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಹಾಗಾದರೆ ಹಾಕಿಕೊಂಡವರಿಗೆ ಹಾಯೆನಿಸುವುದು ಯಾಕೆ? ಬಹುಪಾಲು ಬೆಚ್ಚಗಿರುವುದಕ್ಕೆ, ಏನೋ ಹಿಡಿದುಕೊಂಡಿದೆ ಅನ್ನೋ ಭಾವಕ್ಕೆ. ಎರಡು ಸೈಜಿನ ನಡುವೆ ಅನುಮಾನ ಬಂದರೆ ಕಣ್ಣು ಮುಚ್ಚಿ ದೊಡ್ಡದನ್ನೇ ತಗೊಳ್ಳಿ ಅನ್ನೋದು ಅದಕ್ಕೇ.

‘ಫ್ರೀ ಸೈಜ್’ ಅಂತ ಬರೆದಿರುವುದನ್ನು ಮುಟ್ಟಲೇಬಾರದು. ಟೈಲರ್ ಟೇಪು ಸಾಕು: ಹೆಬ್ಬೆರಳು ಬಿಟ್ಟು, ನಾಲ್ಕು ಬೆರಳಿನ ಬುಡದ ಗೆಣ್ಣುಗಳ ಮೇಲೆ ಸುತ್ತಳತೆ. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಎರಡೂ ಕೈ ಬೇರೆಬೇರೆ ಅಳೆಯಬೇಕು, ಕೆಲಸದ ಕೈ ತುಸು ದಪ್ಪವೇ ಇರುತ್ತದೆ. ಅಳೆಯುವುದು ಊತ ಹೆಚ್ಚಿರುವ ಹೊತ್ತಿನಲ್ಲಿ. ಕೆಲವರಿಗೆ ಅದು ಬೆಳಗ್ಗೆ, ಕೆಲವರಿಗೆ ಕೆಲಸ ಮುಗಿದ ಸಂಜೆ.

ಅಕ್ಕನಿಗೆ ನೋವಿರುವುದು ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರದ ಕೀಲಿನಲ್ಲಿ. ಗ್ಲೌಸು ಒತ್ತುತ್ತಿರುವುದು ತೋರುಬೆರಳನ್ನು! ಇದು ಗ್ಲೌಸಿನ ಗುಣವೇ. ಇಲಾಸ್ಟಿಕ್ ಒಂದೇ ಎಳೆತದಲ್ಲಿದ್ದರೂ ಸಣ್ಣ ಸುತ್ತಿನ ಮೇಲೆ ಜಾಸ್ತಿ ಒತ್ತುತ್ತದೆ, ಚಪ್ಪಟೆ ಜಾಗದಲ್ಲಿ ಹೆಚ್ಚುಕಡಿಮೆ ಒತ್ತುವುದೇ ಇಲ್ಲ. ಬೆರಳು ಸಣ್ಣ ಸುತ್ತು, ಅಂಗೈ ಚಪ್ಪಟೆ. ಹೆಬ್ಬೆರಳ ಬುಡಕ್ಕೆ ಬೇಕಿರುವುದು ಒತ್ತಡಕ್ಕಿಂತ ಆಸರೆ. ಆ ಕೀಲು ಅಲುಗದಂತೆ ಹಿಡಿದು ಉಗುರಿನ ಕಡೆಯ ಕೀಲನ್ನು ಆಡಲು ಬಿಡುವ ಚಿಕ್ಕ ಸ್ಪ್ಲಿಂಟು. ದಾರ ಸುತ್ತಿ ಗಂಟು ಎಳೆಯುವಾಗೆಲ್ಲ ಭಾರ ಬೀಳುವುದು ಅಲ್ಲಿಯೇ, ಒಂದು ಮಾರಿಗೆ ಎಷ್ಟು ಗಂಟೋ.

“ಹಂಗಾದ್ರೆ ಈ ದಾರಾನೇ ಬೆರಳಿಗೆ ಸುತ್ಕೊಂಡ್ರೆ? ಊತ ಇಳಿಯತ್ತೆ ಅಂತಾರಲ್ಲ.”

ಪ್ರಶ್ನೆ ಹುಚ್ಚೇನಲ್ಲ. ಊದಿದ ಬೆರಳಿಗೆ ದಾರ ಸುತ್ತಿ ಐದು ನಿಮಿಷ ಬಿಟ್ಟು ಬಿಚ್ಚುವ ಪದ್ಧತಿ ಕೈ ಚಿಕಿತ್ಸೆಯಲ್ಲಿ ಇದೆ. ಆದರೆ ಹೂವಿನ ದಾರ ತೆಳು, ಚರ್ಮ ಕೊಯ್ಯುತ್ತದೆ. ತನಗೆ ತಾನೇ ಅಂಟಿಕೊಳ್ಳುವ, ಒಂದು ಇಂಚು ಅಗಲದ ಬ್ಯಾಂಡೇಜು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಉಗುರಿನ ಕಡೆಯಿಂದ ಶುರುಮಾಡಿ ಬುಡದ ಕಡೆಗೆ, ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು. ಎಳೆಯದೆ ಸುಮ್ಮನೆ ಹಾಸುತ್ತಾ ಹೋಗಬೇಕು. ಬುಡದಿಂದ ಶುರುಮಾಡಿದರೆ ನೀರು ತುದಿಗೆ ಸೇರಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ತುದಿ ಮಾತ್ರ ಕಾಣುವಂತೆ ಬಿಡಬೇಕು. ಉಗುರು ಒತ್ತಿ ಬಿಳಿಯಾಗಿಸಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಬೆಳಗಿನ ಚಳಿಗೆ ಎಲ್ಲರ ಕೈಯೂ ನಿಧಾನ, ಅದಕ್ಕೇ ಇನ್ನೊಂದು ಕೈಯ ಬೆರಳಿನ ಜೊತೆ ಹೋಲಿಸಿ ನೋಡಬೇಕು.

ಅವರು ಅದನ್ನ ನಾಲ್ಕು ಸಲ ಮಾಡಿ ನೋಡಿದರು. ಆಮೇಲೆ ಪಕ್ಕದ ಸೊಪ್ಪಿನವಳ ಉಗುರನ್ನೂ ಹಿಡಿದು ಒತ್ತಿದರು!

ಗ್ಲೌಸು ಪೂರ್ತಿ ಬೇಡ ಅಂತಲ್ಲ. ನಸುಕಿನಲ್ಲಿ ಕೆ.ಆರ್. ಮಾರ್ಕೆಟ್ಟಿಗೆ ಹೋಗಿಬರುವ ಹೊತ್ತಿನಲ್ಲಿ ಹಾಕಿಕೊಳ್ಳಲಿ, ಕಟ್ಟೋಕೆ ಕೂತಾಗ ತೆಗೆಯಲಿ. ನೀರು ಚಿಮುಕಿಸಿದ ಹೂವು ಮುಟ್ಟಿ ಗ್ಲೌಸು ಒದ್ದೆಯಾದರೆ ಬೆಚ್ಚಗಿರುವುದು ಹೋಗಿ ತಣ್ಣಗಿನ ಪಟ್ಟಿ ಆಗುತ್ತದೆ, ಬೆರಳ ಸಂದಿಯ ಚರ್ಮ ಕೊಳೆಯುತ್ತದೆ. ಮೊದಲ ದಿನ ಒಂದು ಗಂಟೆ, ಸರಿಹೋದರೆ ಮಾರನೇ ದಿನ ಎರಡು, ರಾತ್ರಿ ಮಲಗುವಾಗ ಹಾಕುವುದು ಅದೆಲ್ಲ ಆದ ಮೇಲೆ. ಉಂಗುರ ಮೊದಲೇ ತೆಗೆದಿಡಬೇಕು. ಹೊಲಿಗೆ ಹೊರಮುಖವಾಗಿರುವುದು ಉಲ್ಟಾ ಅಲ್ಲ, ಚರ್ಮಕ್ಕೆ ಒತ್ತದಿರಲಿ ಅಂತಲೇ ಹಾಗೆ ಹೊಲಿದಿರುತ್ತಾರೆ. ಬೆರಳ ಸಂದಿಗೆ ಬಟ್ಟೆ ಸರಿಯಾಗಿ ಕೂರಬೇಕು, ಮಣಿಕಟ್ಟಿನಲ್ಲಿ ಮಡಿಕೆ ಬೀಳಬಾರದು. ತೆಗೆದು ಅರ್ಧ ಗಂಟೆಯಾದರೂ ಗುರುತು ಹೋಗದಿದ್ದರೆ ಅದು ನಿಮ್ಮ ಸೈಜಲ್ಲ. ಒಗೆಯೋದು ತಣ್ಣೀರಲ್ಲಿ, ಹಿಂಡದೆ, ನೆರಳಲ್ಲಿ ಒಣಗಿಸಿ. ಬಿಸಿಲು ಇಲಾಸ್ಟಿಕ್ಕನ್ನು ತಿಂದುಹಾಕುತ್ತದೆ.

ಸಕ್ಕರೆ ಕಾಯಿಲೆಯಿಂದ ಬೆರಳಿಗೆ ಸ್ಪರ್ಶವೇ ಕಡಿಮೆಯಾದವರಿಗೆ ಇದ್ಯಾವುದೂ ಡಾಕ್ಟರನ್ನು ಕೇಳದೆ ಬೇಡ. ಬಿಗಿಯಾಗಿದೆ ಅನ್ನೋದೇ ಅವರಿಗೆ ಗೊತ್ತಾಗಲ್ಲ. ಅಕ್ಕನಿಗೆ ಶುಗರ್ ಇಲ್ಲವಂತೆ. “ಟೆಸ್ಟ್ ಮಾಡ್ಸಿದೀರಾ?” ಅಂದರೆ ನಕ್ಕುಬಿಟ್ಟರು.

ಹೂವಿಗೆ ದುಡ್ಡು ತಗೊಳ್ಳಲಿಲ್ಲ, ಬೇಡ ಅಂದರೂ ಒಂದು ಮೊಳ ಕನಕಾಂಬರ ಬೇರೆ.

ಹೊರಡುವಾಗ ಅಕ್ಕ ಹೇಳಿದ ಮಾತು ಈಗ ಕೊರೆಯುತ್ತಿದೆ. ರಾತ್ರಿ ಎರಡು ಗಂಟೆಗೆ ಕೈ ಜೋಮು ಹಿಡಿದು ಎಚ್ಚರವಾಗುತ್ತದಂತೆ, ಕೊಡವಿಕೊಂಡರೆ ಸರಿಹೋಗುತ್ತದಂತೆ. ಅದು ಕೀಲಿನ ಮಾತಲ್ಲ, ಮಣಿಕಟ್ಟಿನ ಸುರಂಗದಲ್ಲಿ ನರ ಸಿಕ್ಕಿಕೊಂಡಾಗಿನ ಮಾತು. ಅಲ್ಲಿ ಬಿಗಿ ಗ್ಲೌಸು ಇನ್ನಷ್ಟು ಒತ್ತುತ್ತದೆ, ಬೇಕಾಗುವುದು ರಾತ್ರಿ ಮಣಿಕಟ್ಟನ್ನು ನೇರ ಇಡುವ ಸ್ಪ್ಲಿಂಟು. ಆ ನರವಾದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಜೋಮು ಹಿಡಿಯುತ್ತದೆ, ಕಿರುಬೆರಳು ಉಳಿಯುತ್ತದೆ. ಅವರು ಅಂದಿದ್ದು “ಕೈಯೆಲ್ಲ” ಅಂತ. ಕಿರುಬೆರಳೂ ಸೇರಿಯಾ, ಕೇಳಲೇ ಇಲ್ಲ. ನಾಳೆ ಆರೂವರೆಯೊಳಗೆ ಹೋದರೆ ಕೇಳಬಹುದು.