ಕೆರೆ ತುಂಬಿದ ದಿನ ಏರಿ ಜಿನುಗಿದ್ದು

2021ರ ನವೆಂಬರ್‌ನಲ್ಲಿ ನಮ್ಮ ಕೋಲಾರದ ಕಡೆ ಮಳೆ ಹೆಂಗೆ ಹೊಡೀತು ಅಂದ್ರೆ, ಜಾಲಿ ಬೆಳ್ಕೊಂಡು ಒಣಗಿ ಬಿದ್ದಿದ್ದ ಕೆರೆಗಳೆಲ್ಲ ಒಂದರ ಹಿಂದೆ ಒಂದು ತುಂಬಿ ಕೋಡಿ ಬಿದ್ವು. ನಮ್ಮೂರ ಕೆರೆ ಕೋಡಿ ಬಿದ್ದಿದ್ದನ್ನ ನಾನು ನೋಡೇ ಇರ್ಲಿಲ್ಲ, ಚಿಕ್ಕವನಿದ್ದಾಗ ಅದರೊಳಗೆ ಕ್ರಿಕೆಟ್ ಆಡಿದ್ದೆ ಅಷ್ಟೆ. ಅಮ್ಮ ಫೋನ್ ಮಾಡಿ "ಗಂಗಮ್ಮ ಬಂದವ್ಳೆ, ನೋಡ್ಕೊಂಡು ಹೋಗು ಬಾ" ಅಂದ್ರು. ಬೆಂಗಳೂರಿಂದ ರಾತ್ರಿನೇ ಹೊರಟೆ.

ಬೆಳಗ್ಗೆ ಕೆರೆ ಏರಿ ಮೇಲೆ ಜಾತ್ರೆ ತರ ಜನ, ಹೆಂಗಸ್ರು ಅರಿಶಿನ ಕುಂಕುಮ ಬಿಡ್ತಿದ್ದಾರೆ, ಹುಡುಗ್ರು ಸೆಲ್ಫಿ ತಗೀತಿದ್ದಾರೆ. ಕೆರೆ ನೀರು ನೋಡ್ಕೊಳ್ಳೋ ನೀರಗಂಟಿ ತಾತ ಒಬ್ರು ಮಾತ್ರ ಏರಿ ಹೊರಗಡೆ ಬುಡದಲ್ಲಿ ಕೋಲು ಹಿಡ್ಕೊಂಡು ಬಗ್ಗಿ ಬಗ್ಗಿ ನೋಡ್ತಾ ನಡೀತಿದ್ರು. "ಏನ್ ತಾತ ಹುಡುಕ್ತಿದ್ದೀರಾ?" ಅಂದೆ. ಗದ್ದೆಗೆ ನೀರು ಬಿಡೋ ತೂಬಿನ ಪಕ್ಕ ಕರ್ಕೊಂಡು ಹೋಗಿ ತೋರ್ಸಿದ್ರು, ಬೆರಳು ಗಾತ್ರದ ನೀರು ಬುಳುಬುಳು ಅಂತ ಏಳ್ತಿತ್ತು. ಮಣ್ಣಿನ ಏರಿ ಅಂದ್ಮೇಲೆ ಸ್ವಲ್ಪ ಜಿನುಗೇ ಜಿನುಗ್ತದೆ, ತಿಳಿಯಾಗಿದ್ರೆ ಅಷ್ಟು ಭಯ ಇಲ್ಲ, ಕೆಂಪಗೆ ಬಂದ್ರೆ ಒಳಗಿಂದ ಏರಿ ಮಣ್ಣನ್ನೇ ಹೊತ್ಕೊಂಡು ಬರ್ತಿದೆ ಅಂತ ಲೆಕ್ಕ, ಬಿಲ ದೊಡ್ಡದಾಗ್ತಾ ಹೋಗಿ ಏರಿನೇ ಕೂತುಬಿಡ್ತದೆ ಅಂದ್ರು. ಬೊಗಸೆಯಲ್ಲಿ ಹಿಡಿದು ನೋಡಿದೆ. ಕೆಂಪಗಿತ್ತು. ಕೆಳಗೆ ಅಚ್ಚುಕಟ್ಟಿನ ಗದ್ದೆ, ಅದರ ಪಕ್ಕದಲ್ಲೇ ಹತ್ತಿಪ್ಪತ್ತು ಮನೆ.

ನಾನು ಜೇಡಿಮಣ್ಣು ತುರುಕಿ ಮುಚ್ಚಿಬಿಡೋಣ ಅಂದೆ. "ಮುಚ್ಚಿದ್ರೆ ಇನ್ನೊಂದ್ ಕಡೆ ಕಿತ್ಕೊಂಡ್ ಬರ್ತದಪ್ಪಾ, ನೀರು ಬರ್ಲಿ, ಮಣ್ಣು ಬರ್ಬಾರ್ದು" ಅಂತ ತಡೆದ್ರು. ಮನೆ ಕಟ್ಟೋಕೆ ಇಟ್ಕೊಂಡಿದ್ದ ಮರಳನ್ನ ಒಬ್ರು ಹಿಂದೆಮುಂದೆ ನೋಡದೆ ಕೊಟ್ರು, ಟ್ರ್ಯಾಕ್ಟರ್‌ನಲ್ಲಿ ತಂದು ಆ ಜಾಗದ ಮೇಲೆ ಸುರಿದ್ವಿ, ಅದರ ಮೇಲೆ ಜಲ್ಲಿ, ಸುತ್ತ ಮೂಟೆ. ಇನ್ನೊಂದು ಗುಂಪು ಕೋಡಿ ಹತ್ರ ಓಡ್ತು, ಯಾಕಂದ್ರೆ ನೀರು ಇನ್ನೊಂದಡಿ ನಿಲ್ಲಲಿ ಅಂತ ಆಸೆಗೆ ಯಾರೋ ಅಲ್ಲಿ ಮೂಟೆ ಜೋಡ್ಸಿಟ್ಟಿದ್ರು, ಅದನ್ನ ಕಿತ್ತು ಬಿಸಾಕಿದ ಮೇಲೆನೇ ಕೆರೆ ಇಳಿಯೋಕೆ ಶುರುವಾಗಿದ್ದು. ಏರಿ ಮೇಲಿನ ಜಾಲಿ ಕಡೀರಿ, ಬೇರು ಸತ್ತ ಜಾಗ, ಇಲಿ ಬಿಲ, ಏಡಿ ಬಿಲ ಎಲ್ಲ ನೀರಿಗೆ ದಾರಿ ಆಗ್ತವೆ ಅಂತ ತಾತ ಎಷ್ಟೋ ವರ್ಷದಿಂದ ಹೇಳ್ತಾನೇ ಇದ್ರಂತೆ. ನೀರೇ ಇಲ್ಲದ ಕೆರೆಗೆ ಏರಿ ಯಾಕೆ ಅಂತ ನಾವ್ಯಾರೂ ಕಿವಿಗೆ ಹಾಕ್ಕೊಂಡಿರ್ಲಿಲ್ಲ, ಅದು ನೆನೆದ್ರೆ ಇವತ್ತಿಗೂ ಹೊಟ್ಟೆ ಉರೀತದೆ.

ಸಂಜೆ ಹೊತ್ತಿಗೆ ಮರಳಿಂದ ಬರ್ತಿದ್ದ ನೀರು ತಿಳಿ ಆಯ್ತು. ತಾತ ಅದರಲ್ಲೇ ಮುಖ ತೊಳ್ಕೊಂಡು, ಟವೆಲ್ ಹೆಗಲಿಗೆ ಹಾಕ್ಕೊಂಡು ನಿಧಾನಕ್ಕೆ ಏರಿ ಹತ್ತಿದ್ರು, ತುಂಬಿದ ಕೆರೆ ಕಡೆ ಆವತ್ತು ಮೊದಲನೇ ಸಲ ಮುಖ ಮಾಡಿ ಕೂತ್ಕೊಂಡ್ರು.