ಅಜ್ಜಿಯ ಸೇರು, ನಮ್ಮ ಮೊಂತಿ ಫೆಸ್ತ್

ಈ ಸಲದ ಮೊಂತಿ ಫೆಸ್ತಿನ ಪೂಜೆ ಮುಗಿಸಿ ಬಂದಾಗಿನಿಂದ ಅಜ್ಜಿಯ ನೆನಪು ಬಿಡುತ್ತಲೇ ಇಲ್ಲ. ಕಾಸರಗೋಡು ಜಿಲ್ಲೆಯ ಬೇಳದ ಇಗರ್ಜಿ (ಚರ್ಚು) ನಮ್ಮದು, 1890ರದ್ದು, ವ್ಯಾಕುಲ ಮಾತೆಯ ಹೆಸರಿನದ್ದು. ಊರು ಕೇರಳದಲ್ಲಿದ್ದರೂ ನಾವು ಮಂಗಳೂರು ಧರ್ಮಪ್ರಾಂತ್ಯದವರೇ. ಹಾಗಾಗಿ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಅಂದರೆ ನಮಗೂ ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬದ ಜೊತೆಗೆ ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಅರ್ಪಿಸುವ ಹೂವು, ಆಮೇಲೆ ಆಶೀರ್ವಾದ ಮಾಡಿದ ಹೊಸ ತೆನೆ, ಕಬ್ಬು, ಮನೆಯಲ್ಲಿ ಬರೀ ತರಕಾರಿಯ ಎಲೆ ಊಟ.

ಪೂಜೆಯಲ್ಲಿ ದೇಶಕ್ಕಾಗಿ ಪ್ರಾರ್ಥಿಸಿದೆವು. ಆಳುವವರಿಗೆ ಒಳ್ಳೆ ಬುದ್ಧಿ ಬರಲಿ, ಲಂಚ, ಮೋಸ ತೊಲಗಲಿ ಅಂತ. ಬೈಬಲಿನಲ್ಲಿ ಸಂತ ಪೌಲನೇ ತನ್ನ ಶಿಷ್ಯ ತಿಮೊಥೇಯನಿಗೆ ಬರೆದಿದ್ದಾನೆ, ಅರಸರಿಗಾಗಿ ಪ್ರಾರ್ಥಿಸಿ ಅಂತ. ಬೇಡ ಅನ್ನುವವರು ಯಾರು? ಆದರೆ ಕೈಯಲ್ಲಿ ತೆನೆ ಹಿಡಿದು ನಿಂತಿದ್ದ ನನಗೆ ಕಂಡದ್ದು ದೆಹಲಿಯೂ ಅಲ್ಲ, ತಿರುವನಂತಪುರವೂ ಅಲ್ಲ. ಅಜ್ಜಿಯ ಸೇರು.

ಮರದ ಸೇರು ಅದು. ಬಾಯಿಗೆ ಕಬ್ಬಿಣದ ಪಟ್ಟಿ, ಒಂದು ಕಡೆ ಸವೆದು ಹೊಳೆಯುತ್ತಿತ್ತು. ಮನೆ ಖರ್ಚಿಗೆ ಅಕ್ಕಿ ಅಳೆಯುವಾಗ ಅಜ್ಜಿ ಅಂಗೈ ಅಂಚಿನಲ್ಲಿ ಸರಕ್ಕನೆ ಒಮ್ಮೆ ಒರೆಸಿ ಸಮ ಮಾಡುತ್ತಿದ್ದರು. ಕೊಯ್ಲಿಗೆ ಬಂದವರಿಗೆ ಅಳೆಯುವಾಗ ಕೈ ಆ ಕಡೆ ಹೋಗುತ್ತಲೇ ಇರಲಿಲ್ಲ. ಕಾಳು ಗುಡ್ಡೆಯಾಗಿ ನಿಂತು, ಇನ್ನು ನಿಲ್ಲಲಾರೆ ಅಂತ ಸುತ್ತ ಜಾರಿ ಚಾಪೆಗೆ ಬೀಳುತ್ತಿತ್ತು. ಆ ಜರಜರ ಸದ್ದು ಈಗಲೂ ಕಿವಿಯಲ್ಲಿದೆ. "ಬಿದ್ದದ್ದೂ ಅವರದ್ದೇ" ಅನ್ನುತ್ತಿದ್ದರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಅದುಮಿ, ಅಲ್ಲಾಡಿಸಿ, ಹೊರಚೆಲ್ಲುವ ಹಾಗೆ ಅಳೆಯುವ ಮಾತು ಲೂಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ ಅಂತ ನಾನು ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯ ಒಮ್ಮೆ ಓದಿ ನೋಡಿ. ಹೊಲದ ಅಂಚಿನವರೆಗೂ ಕೊಯ್ಯಬೇಡ, ಉದುರಿದ್ದನ್ನು ಆರಿಸಬೇಡ, ಅದು ಬಡವರಿಗೂ ಪರದೇಶಿಗೂ ಇರಲಿ. ಕೂಲಿಯವನ ಕೂಲಿ ಬೆಳಗಿನವರೆಗೂ ನಿನ್ನ ಹತ್ತಿರ ಉಳಿಯಬಾರದು. ತಕ್ಕಡಿ, ಅಳತೆ ಸರಿಯಾಗಿರಲಿ. ಒಂದು ಇಡೀ ಜನಾಂಗ ಹೇಗೆ ಬಾಳಬೇಕು ಅಂತ ದೇವರು ಹೇಳುವಾಗ ಸೇರು, ಕೂಲಿ, ಗದ್ದೆಯ ಅಂಚು ಇವನ್ನೇ ಹೇಳಿದ್ದು. ಜೊತೆಗೆ ಇನ್ನೊಂದು: ನಿಮ್ಮ ನಡುವಿನ ಪರದೇಶಿಯನ್ನು ನಿಮ್ಮಂತೆಯೇ ಪ್ರೀತಿಸಿ, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಅಂತ. ಗಲ್ಫಿಗೆ ಹೋಗಿ ದುಡಿದವರ ಮನೆಗಳು ಎಷ್ಟೋ ಇರುವ ನಮ್ಮ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾ?

ಈಗ ಗದ್ದೆಗಳು ಅಡಿಕೆ ತೋಟಗಳಾದವು, ಉಳಿದದ್ದು ಮನೆ ಸೈಟು. ತೆನೆಯನ್ನೇ ಎಲ್ಲಿಂದಲೋ ಹುಡುಕಿ ತರಬೇಕು. ಅದು ಹೋಗಲಿ, ಕಾಲ ಹಾಗಿದೆ. ನನಗೆ ಬೇಜಾರು ಬೇರೆ ವಿಷಯಕ್ಕೆ. ತೆನೆಗೆ ಸಾಲಿನಲ್ಲಿ ನಿಂತಾಗಲೇ ನನ್ನ ಹಿಂದೆ ಜಾಗದ ಮಾತು ನಡೆದಿತ್ತು, ಕಾಗದದಲ್ಲಿ ಒಂದು ರೇಟು, ಕೈಗೆ ಇನ್ನೊಂದು ರೇಟು, "ಎಲ್ರೂ ಹಾಗೇ ಅಲ್ವಾ ಮಾಡೋದು" ಅಂತ. ಸ್ವಲ್ಪ ಹೊತ್ತಿಗೆ ಮುಂಚೆ ದೇಶದ ಮೋಸ ತೊಲಗಲಿ ಅಂದ ಬಾಯಿ ಅದು! ಬೈಬಲಿನಲ್ಲಿ ಯೇಸುವನ್ನು ನೋಡಲು ಮರ ಹತ್ತಿದ್ದ ಸುಂಕದವರ ಮುಖ್ಯಸ್ಥ ಜಕ್ಕಾಯ ಯೇಸುವಿನ ಎದುರು ನಿಂತು ಹೇಳಿದ್ದು, ಮೋಸದಿಂದ ತೆಗೆದುಕೊಂಡದ್ದಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂತ. ರೋಮಿನ ಚಕ್ರವರ್ತಿಗೆ ಒಳ್ಳೆ ಬುದ್ಧಿ ಬರಲಿ ಅಂತ ಸುಮ್ನೆ ಹೇಳಿ ಮರದಿಂದ ಇಳಿದು ಮನೆಗೆ ಹೋಗಲಿಲ್ಲ.

ನಮ್ಮ ತೋಟದ ಕೆಲಸಕ್ಕೆ ಒಡಿಶಾದ ಹುಡುಗರು ಇಬ್ಬರು ಬರುತ್ತಾರೆ. ಹಬ್ಬದ ದಿನ ಅವರಿಗೆ ರಜೆ ಕೊಟ್ಟೆವು, ಊಟಕ್ಕೆ ಕರೆಯಬೇಕು ಅಂತ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅಜ್ಜಿ ಇದ್ದಿದ್ದರೆ ಮೊದಲ ಎಲೆ ಅವರಿಗೇ ಹಾಕುತ್ತಿದ್ದರು. ಮುಂದಿನ ಮೊಂತಿ ಫೆಸ್ತಿಗೆ ಅವರೂ ನಮ್ಮ ಸಾಲಿನಲ್ಲೇ ಕೂರಲಿ ಅಂತ ಅಮ್ಮನಿಗೆ ಹೇಳಿದೆ. ಅಮ್ಮ ಒಪ್ಪಿದ್ದಾರೆ. ಆದರೆ ಬರೀ ಹರಿವೆ, ಹೀರೆ, ಅಲಸಂಡೆ ಬಡಿಸಿದರೆ ಮೀನು ತಿನ್ನುವ ಹುಡುಗರಿಗೆ ಹೊಟ್ಟೆ ತುಂಬುತ್ತದಾ ಅನ್ನುವುದು ಅವರ ಚಿಂತೆ.